ಹಳೆಯ ಧ್ವನಿಯಂತ್ರಗಳ ಜೀರ್ಣೋದ್ಧಾರ: ಮಲೆನಾಡಿನ ಒಂದು ಹವ್ಯಾಸ

ಹಿಂದೆ ಮನೆಗಳಲ್ಲಿ ಹಾಡು, ನಾಟಕ, ವಾರ್ತೆ ಕೇಳಲು ಬಳಸುತ್ತಿದ್ದ ಯಂತ್ರಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ, ಮತ್ತೆ ಅವುಗಳಲ್ಲೇ ಕೇಳಿ ಸಂತೋಷಪಡುವ ಹವ್ಯಾಸ ಇದು. ಕೀಲಿ ಕೊಡುವ ಗ್ರಾಮಾಫೋನು, ವಾಲ್ವ್ ರೇಡಿಯೋ, ರೇಡಿಯೋಗ್ರಾಂ, ರೆಕಾರ್ಡ್ ಪ್ಲೇಯರು, ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಊರೂರಲ್ಲಿ ಈ ಹವ್ಯಾಸ ಒಂದೇ ಬಗೆಯದಲ್ಲ. ಬೆಂಗಳೂರಿನಲ್ಲಿ ಅದು ಹೆಚ್ಚಾಗಿ ಸಂಗ್ರಹ, ಮಾರುಕಟ್ಟೆ, ಧ್ವನಿಯ ಗುಣಮಟ್ಟಗಳ ಸುತ್ತ ಬೆಳೆದಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ, ಅದರಲ್ಲೂ ಚಾರ್ಮಾಡಿ ಘಾಟಿಯ ನೆತ್ತಿಯ ಮೇಲಿರುವ ಕೊಟ್ಟಿಗೆಹಾರದಂಥ ಕಡೆ, ಅದು ಮೊದಲಿಗೆ ತೇವದ ಜೊತೆಗಿನ ಜಗಳ. ಧ್ವನಿಯ ಮಾತು ಆಮೇಲಿನದು.

ಕೊಟ್ಟಿಗೆಹಾರವು ಮೂಡಿಗೆರೆ, ಬಣಕಲ್ ಕಡೆಯಿಂದ ಬಂದ ದಾರಿ ಒಂದು ಕಡೆ ಚಾರ್ಮಾಡಿಗೆ ಇಳಿದು, ಇನ್ನೊಂದು ಕಡೆ ಕಳಸ, ಹೊರನಾಡಿಗೆ ಕವಲೊಡೆಯುವ ಸಣ್ಣ ಪೇಟೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಮುಗ್ಗಲು ವಾಸನೆ. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಈ ಹವೆಯಲ್ಲಿ ಕಾಗದ, ಮರ, ಬಟ್ಟೆ, ಕಬ್ಬಿಣ, ರಬ್ಬರು ಸೇರಿಸಿ ಮಾಡಿದ ಒಂದು ಪೆಟ್ಟಿಗೆ ಅರುವತ್ತು ವರ್ಷ ಬಾಳಬೇಕೆಂದರೆ ಸುಮ್ಮನೆ ಮಾತಲ್ಲ.

ಯಂತ್ರಗಳು ಘಟ್ಟ ಹತ್ತಿದ ಬಗೆ

ಮಲೆನಾಡಿಗೆ ಮೊದಲು ಬಂದದ್ದು ಕರೆಂಟು ಬೇಡದ ಯಂತ್ರ. ಎಚ್‌ಎಂವಿ ಕಂಪನಿಯು 1931ರಿಂದ ತಯಾರಿಸಿದ 102ನೇ ಮಾದರಿಯ ಸೂಟ್‌ಕೇಸ್ ಗ್ರಾಮಾಫೋನು ಇಂದಿಗೂ ಹವ್ಯಾಸಿಗಳ ಕೈಗೆ ಸಿಗುವ ಗಟ್ಟಿ ಮಾಲುಗಳಲ್ಲಿ ಒಂದು. ಹಾಡಿನ ಪ್ಲೇಟುಗಳು ಕಲ್ಕತ್ತದ ದಮ್‌ದಮ್ ಕಾರ್ಖಾನೆಯಿಂದ ಬರುತ್ತಿದ್ದವು. ನಿಮಿಷಕ್ಕೆ 78 ಸುತ್ತಿನ ಆ ಕರಿಯ ಪ್ಲೇಟುಗಳ ಜೀವದ್ರವ್ಯ ಅರಗು. ಅದು ಜಗತ್ತಿಗೆಲ್ಲ ಹೋಗುತ್ತಿದ್ದುದು ಹೆಚ್ಚಾಗಿ ಭಾರತದ ಕಾಡುಗಳಿಂದಲೇ. ಬೇರೆ ದೇಶಗಳು ವಿನೈಲ್‌ಗೆ ತಿರುಗಿದ ಮೇಲೂ ಇಲ್ಲಿ ಅರಗಿನ ಪ್ಲೇಟು ನಿಲ್ಲಲಿಲ್ಲ. ಬೀಟಲ್ಸ್ ಹಾಡುಗಳು 1960ರ ದಶಕದಲ್ಲಿ 78 ಸುತ್ತಿನ ಪ್ಲೇಟಿನಲ್ಲಿ ಅಚ್ಚಾದ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಹಳ್ಳಿಗಳ ಬಹುಪಾಲು ಮನೆಗಳಲ್ಲಿ ಕೀಲಿ ಪೆಟ್ಟಿಗೆ ಬಿಟ್ಟರೆ ಬೇರೆ ಗತಿಯಿಲ್ಲದಿದ್ದುದು ಇದಕ್ಕೆ ಮುಖ್ಯ ಕಾರಣ.

ರೇಡಿಯೋ ನಿಧಾನಕ್ಕೆ ಬಂತು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಕೇಂದ್ರ ತೆರೆದು ‘ಆಕಾಶವಾಣಿ’ ಎಂಬ ಹೆಸರು ಕೊಟ್ಟರು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು 1955ರಲ್ಲಿ ಶುರುವಾದವು. ಆದರೆ ಕಾಫಿ ಸೀಮೆಯ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು 1965ರ ಭದ್ರಾವತಿ ಕೇಂದ್ರ. 1976ರಲ್ಲಿ ಮಂಗಳೂರು ಕೇಂದ್ರ ಬಂದು, ಘಟ್ಟದ ಅಂಚಿನ ಊರುಗಳಿಗೆ ಕೆಳಗಿನ ಸೀಮೆಯ ಯಕ್ಷಗಾನವೂ ಮೇಲಿನ ಸೀಮೆಯ ಕೃಷಿರಂಗವೂ ಒಂದೇ ಪೆಟ್ಟಿಗೆಯಲ್ಲಿ ಕೇಳುವಂತಾಯಿತು.

ಕರೆಂಟಿಲ್ಲದ ತೋಟದ ಮನೆಗಳಲ್ಲಿ ವಾಲ್ವ್ ರೇಡಿಯೋ ನಡೆದದ್ದು ಬ್ಯಾಟರಿಯಿಂದ. ವಾಲ್ವಿನ ತಂತಿ ಕಾಯಿಸಲು ಒಂದೂವರೆ ವೋಲ್ಟು, ಒಳಗಿನ ಕೆಲಸಕ್ಕೆ 90 ವೋಲ್ಟು, ಹೀಗೆ ಎರಡು ಬಗೆಯ ವಿದ್ಯುತ್ತು ಕೊಡುವ ಇಟ್ಟಿಗೆ ಗಾತ್ರದ ಒಣ ಬ್ಯಾಟರಿ ಬರುತ್ತಿತ್ತು. ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96 ಎಂಬ ನಾಲ್ಕು ವಾಲ್ವುಗಳ ಸೆಟ್ಟುಗಳು ಆ ಕಾಲದವು. ಇನ್ನು ಕೆಲವು ಕಾರಿನ ಬ್ಯಾಟರಿಗೆ ಜೋಡಿಸುವಂಥವು. ಆ ಒಣ ಬ್ಯಾಟರಿಯ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಹಾಗಾಗಿ ಇಂಥ ಸೆಟ್ಟು ಸಿಕ್ಕರೆ ಹವ್ಯಾಸಿಗಳು 9 ವೋಲ್ಟಿನ ಸಣ್ಣ ಬ್ಯಾಟರಿ ಹತ್ತನ್ನು ಸಾಲಾಗಿ ಕೂಡಿಸಿ 90 ವೋಲ್ಟು ಮಾಡಿಕೊಳ್ಳುತ್ತಾರೆ. ಕೆಲವರು ಹಳೆಯ ಬ್ಯಾಟರಿಯ ರಟ್ಟಿನ ಡಬ್ಬಿಯನ್ನು ಕಾಪಾಡಿಕೊಂಡು ಹೊಸದನ್ನು ಅದರೊಳಗೇ ಅಡಗಿಸುವುದೂ ಉಂಟು.

ಫಿಲಿಪ್ಸ್ ಕಂಪನಿ 1948ರಲ್ಲಿ ಕಲ್ಕತ್ತದಲ್ಲಿ ರೇಡಿಯೋ ತಯಾರಿಸಲು ತೊಡಗಿತ್ತು. ಮರ್ಫಿ, ಬುಷ್, ನೆಲ್ಕೊ ಹೆಸರುಗಳೂ ಮಲೆನಾಡಿನ ಹಿರಿಯರ ಬಾಯಲ್ಲಿ ಇನ್ನೂ ಇವೆ. ಕರ್ನಾಟಕದ ಪಾಲು ಪೆಟ್ಟಿಗೆಯ ಹೊರಗಲ್ಲ, ಒಳಗೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ಫಿಲಿಪ್ಸ್‌ನ ಸಹಯೋಗದಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಅದರ ಜಾಲಹಳ್ಳಿ ಕಾರ್ಖಾನೆಯಿಂದ ಹೊರಟ ಇಸಿಸಿ 83, ಇಎಲ್ 84 ವಾಲ್ವುಗಳನ್ನು ಇವತ್ತು ಹೊರದೇಶದ ಗಿಟಾರ್ ಆಂಪ್ಲಿಫೈಯರಿನವರೂ ಹುಡುಕುತ್ತಾರೆ. ಇಲ್ಲಿಯ ಮೆಕ್ಯಾನಿಕ್ಕುಗಳ ಡಬ್ಬಿಯ ತಳದಲ್ಲಿ ಅವು ಹಳೆಯ ನಟ್ಟು ಬೋಲ್ಟುಗಳ ಜೊತೆ ಬಿದ್ದಿರುತ್ತವೆ.

ಆಮೇಲಿನದನ್ನು ಬೇಗ ಹೇಳಬಹುದು. ಟ್ರಾನ್ಸಿಸ್ಟರು ತೋಟದ ಲೈನುಮನೆಗಳಿಗೂ ಹೋಯಿತು. ಗಲ್ಫ್‌ಗೆ ಹೋದವರು ತಂದ ಜಪಾನಿನ ‘ಟೂ ಇನ್ ಒನ್’ಗಳು ಕರಾವಳಿಯಿಂದ ಘಾಟಿ ಹತ್ತಿದವು. 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮ ಹೊಡೆದು ಕಾಫಿ ರೇಟು ಜಿಗಿಯಿತು, ಕಾಫಿ ಬೋರ್ಡಿನ ಹಿಡಿತ ಸಡಿಲವಾಗಿ ಬೆಳೆಗಾರರು ತಾವೇ ಮಾರುವ ಕಾಲವೂ ಬಂತು. ಕೈಯಲ್ಲಿ ಕಾಸಾಡಿದ ಆ ವರ್ಷಗಳಲ್ಲಿ ಕೊಂಡ ದೊಡ್ಡ ಸ್ಟೀರಿಯೋ ಸೆಟ್ಟುಗಳು ಈಗ ‘ಹಳೆಯವು’ ಎಂಬ ಸಾಲಿಗೆ ಸೇರುತ್ತಿವೆ.

ತೇವ ಮಾಡುವ ಕೆಲಸ

ಮಲೆನಾಡಿನ ರೇಡಿಯೋಗಳ ಬಗ್ಗೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ದಿನಾ ಹಾಡಿದ್ದು ಬಾಳಿತು, ಅಟ್ಟ ಹತ್ತಿದ್ದು ಕೆಟ್ಟಿತು. ಕರೆಂಟಿನಲ್ಲಿ ನಡೆಯುವ ವಾಲ್ವ್ ರೇಡಿಯೋ ಉರಿಯುವಾಗ ಒಂದು ಸಾಧಾರಣ ಬಲ್ಬಿನಷ್ಟು ಶಾಖ ಬಿಡುತ್ತದೆ. ಸಂಜೆ ಎರಡು ಗಂಟೆ ಕೇಳಿದರೆ ಪೆಟ್ಟಿಗೆಯ ಒಳಗಿನ ತೇವ ತಾನಾಗಿ ಆರುತ್ತದೆ. ಟಿವಿ ಬಂದ ಮೇಲೆ ಬದಿಗೆ ಸರಿದ ರೇಡಿಯೋಗೆ ಆ ಭಾಗ್ಯ ತಪ್ಪಿತು. ಅಟ್ಟದಲ್ಲೂ ಭೇದವಿದೆ. ಒಲೆಯ ಹೊಗೆ ತಾಗುವ ಅಟ್ಟದಲ್ಲಿದ್ದದ್ದು ಮಸಿ ಹಿಡಿದು ಕಪ್ಪಾಗಿದ್ದರೂ ತುಕ್ಕು ಕಡಿಮೆ. ಹೊರಕೋಣೆಯಲ್ಲೋ ಗೋದಾಮಿನಲ್ಲೋ ಗೋಣಿ ಹೊದಿಸಿ ಇಟ್ಟದ್ದು ಹೊರಗಿನಿಂದ ಫಳಫಳ ಕಂಡರೂ ಒಳಗೆ ಮುಗಿದಿರುತ್ತದೆ.

ತೇವ ಮೊದಲು ಹಿಡಿಯುವುದು ಕಾಗದವನ್ನು. ಆ ಕಾಲದ ಕೆಪಾಸಿಟರುಗಳ ಒಳಗೆ ಮೇಣ ಹಚ್ಚಿದ ಕಾಗದದ ಸುರುಳಿ ಇರುತ್ತದೆ. ಅದು ತೇವ ಕುಡಿದರೆ ತಡೆಯಬೇಕಾದ ವಿದ್ಯುತ್ತನ್ನು ಸೋರಗೊಡುತ್ತದೆ. ಔಟ್‌ಪುಟ್ ವಾಲ್ವಿನ ಮುಂದಿರುವ ಒಂದೇ ಒಂದು ಕೆಪಾಸಿಟರು ಹೀಗೆ ಸೋರಿದರೆ ವಾಲ್ವು ಮಿತಿಮೀರಿ ಕಾಯ್ದು, ಅದರ ಜೊತೆ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ನಾಲ್ಕು ಕಾಸಿನ ಬಿಡಿಭಾಗದಿಂದ ಇಡೀ ಸೆಟ್ಟು ಹೋಗುವುದು ಹೀಗೆ. ಸ್ಪೀಕರಿನ ಕೋನೂ ಕಾಗದವೇ. ಬೂಷ್ಟು ಹಿಡಿದು ಮೆತ್ತಗಾದ ಕೋನಿನಿಂದ ಬರುವ ದನಿ ನೆಗಡಿಯಾದವರ ಮಾತಿನಂತಿರುತ್ತದೆ. 1970, 80ರ ದಶಕದ ಸ್ಪೀಕರುಗಳಲ್ಲಿ ಕೋನಿನ ಅಂಚಿಗೆ ಹಾಕಿದ ಸ್ಪಂಜು ತೇವಕ್ಕೆ ಸಿಕ್ಕಿ ಪುಡಿಪುಡಿಯಾಗುತ್ತದೆ. ಅದನ್ನು ಬದಲಿಸುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ.

ರೆಕಾರ್ಡ್ ಪ್ಲೇಯರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ಅಗ್ಗದ ಪ್ಲೇಯರುಗಳ ಕಾರ್ಟ್ರಿಜ್ಜಿನಲ್ಲಿ ರೋಷೆಲ್ ಉಪ್ಪಿನ ಹರಳು ಇರುತ್ತಿತ್ತು. ಮುಳ್ಳು ಅಲುಗಿದಾಗ ಹರಳು ಬಾಗಿ ವಿದ್ಯುತ್ತು ಹುಟ್ಟುವ ಏರ್ಪಾಟು ಅದು. ಆದರೆ ಉಪ್ಪು ಎಂದರೆ ಉಪ್ಪೇ. ಗಾಳಿಯ ತೇವ ಹೀರಿ ಹರಳು ಕರಗುತ್ತದೆ. ತಟ್ಟೆ ತಿರುಗುತ್ತದೆ, ಮುಳ್ಳು ಸರಿಯಿದೆ, ಆಂಪ್ಲಿಫೈಯರು ಗುಂಯ್‌ಗುಡುತ್ತದೆ, ಹಾಡು ಮಾತ್ರ ಇಲ್ಲ ಎಂದು ಘಟ್ಟದ ಮೇಲಿನವರು ತಲೆ ಕೆರೆದುಕೊಂಡರೆ ಮೊದಲು ನೋಡಬೇಕಾದದ್ದು ಇದನ್ನೇ. ಪರಿಹಾರ ಸುಲಭ: ಅದೇ ಅಳತೆಯ ಸೆರಾಮಿಕ್ ಕಾರ್ಟ್ರಿಜ್ಜು ಹಾಕುವುದು. ಹರಳನ್ನು ಬದುಕಿಸುವ ಸಾಹಸ ವ್ಯರ್ಥ.

ಇನ್ನು ಇರುವೆ, ಜಿರಲೆ, ಹಲ್ಲಿ, ಇಲಿ. ಬೆಚ್ಚಗಿರುವ ಜಾಗ ಅವಕ್ಕೂ ಬೇಕು. ಹಲ್ಲಿಯೊಂದು ವಾಲ್ವ್ ಸಾಕೆಟ್ಟಿನ ಎರಡು ಕಾಲುಗಳ ನಡುವೆ ಒಣಗಿ ಕೂತು ಶಾರ್ಟ್ ಮಾಡುವುದು ಇಲ್ಲಿಯ ಮೆಕ್ಯಾನಿಕ್ಕುಗಳಿಗೆ ಸುದ್ದಿಯೇ ಅಲ್ಲ.

ತೇವದ ಕಾರಣಕ್ಕೇ ಕಾಫಿ ಸೀಮೆಯಲ್ಲಿ ಹವ್ಯಾಸಕ್ಕೂ ಋತುಮಾನ ಉಂಟು. ಕಾಫಿ ಕುಯ್ಲಿನ ಗಡಿಬಿಡಿ ಮುಗಿದು, ಕಣದಲ್ಲಿ ಬಿಸಿಲು ಬೀಳುವ ಫೆಬ್ರವರಿ, ಮಾರ್ಚ್ ತಿಂಗಳುಗಳು ಪೆಟ್ಟಿಗೆ ಬಿಚ್ಚಲು ಒಳ್ಳೆಯ ಕಾಲ. ಮರದ ಕ್ಯಾಬಿನೆಟ್ಟನ್ನು ಮಾತ್ರ ನೇರ ಬಿಸಿಲಿಗೆ ಇಡಬಾರದು. ಎದ್ದ ವಿನಿಯರ್ ಇನ್ನಷ್ಟು ಏಳುತ್ತದೆ. ನೆರಳಲ್ಲಿ, ಗಾಳಿಯಾಡುವಲ್ಲಿ ಒಂದು ವಾರ ಬಿಡುವುದು ಲೇಸು. ಕಾಫಿ ಹೂವರಳಿಸುವ ಹೂಮಳೆಯ ಗುಡುಗು ಶುರುವಾದಾಗ ಏರಿಯಲ್ ತಂತಿ ಕಳಚಿಡಬೇಕು, ಏಕೆಂದರೆ ಮಾಡಿನ ಮೇಲಿನ ಉದ್ದ ತಂತಿ ಸಿಡಿಲಿಗೆ ದಾರಿ. ಮಳೆಗಾಲದಲ್ಲಿ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿ ಬಟ್ಟೆ, ಪುಸ್ತಕ ಕಾಯುವ ಮಲೆನಾಡಿನ ಪದ್ಧತಿ ರೇಡಿಯೋಗೂ ಚೆನ್ನಾಗಿ ಒಗ್ಗುತ್ತದೆ. ಎಲ್‌ಇಡಿ ಬಲ್ಬಿನಿಂದ ಆ ಕೆಲಸ ಆಗದು. ಬಿಸಿ ಮಾಡುವ ಹಳೆಯ ಬಲ್ಬೇ ಬೇಕು.

ಬಿಚ್ಚುವ ಕ್ರಮ

ಹೊಸಬರು ಮಾಡುವ ಮೊದಲ ಎಡವಟ್ಟು, ತಂದ ದಿನವೇ ಪ್ಲಗ್ಗು ಚುಚ್ಚಿ ನೋಡುವುದು. ಎಷ್ಟೋ ವರ್ಷ ಮಲಗಿದ್ದ ಫಿಲ್ಟರ್ ಕೆಪಾಸಿಟರಿಗೆ ಒಮ್ಮೆಲೇ ಇನ್ನೂರೈವತ್ತು ವೋಲ್ಟು ಬಿದ್ದರೆ ಅದು ಸಿಡಿಯುತ್ತದೆ, ಇಲ್ಲವೇ ಟ್ರಾನ್ಸ್‌ಫಾರ್ಮರನ್ನು ಸುಡುತ್ತದೆ. ಹಳೆಯ ಮೆಕ್ಯಾನಿಕ್ಕುಗಳ ಉಪಾಯ ‘ಸೀರೀಸ್ ಬಲ್ಬು’. ರೇಡಿಯೋಗೆ ಹೋಗುವ ಕರೆಂಟಿನ ದಾರಿಯಲ್ಲಿ 60 ವಾಟಿನ ಒಂದು ಬಲ್ಬನ್ನು ಕೂಡಿಸುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿದು ಸೆಟ್ಟು ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಹೊಳೆದು ಮಂಕಾಗುತ್ತದೆ. ದುಬಾರಿ ಮೀಟರುಗಳು ಬಂದ ಮೇಲೂ ಇದಕ್ಕಿಂತ ನಂಬುಗೆಯ ಸಾಧನ ಬಂದಿಲ್ಲ.

ಅದಕ್ಕೂ ಮೊದಲು ಕಣ್ಣು, ಮೂಗು ಬಳಸಬೇಕು. ಕರಕಲು ವಾಸನೆ, ಉಬ್ಬಿದ ಕೆಪಾಸಿಟರು, ಸೋರಿದ ಮೇಣ, ಇಲಿ ಕಚ್ಚಿದ ವೈರು ಎಲ್ಲವನ್ನೂ ನೋಡಿ, ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳುವುದು ರೂಢಿ. ಡಯಲ್ ದಾರ ಹರಿದಿದ್ದರೆ ಅದು ಯಾವ ಗಾಲಿಯ ಮೇಲೆ ಎಷ್ಟು ಸುತ್ತು ಸುತ್ತಿತ್ತು ಎಂಬುದು ಫೋಟೋ ಇಲ್ಲದೆ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಅಗ್ಗದ ಕೆಲವು ವಾಲ್ವ್ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಯುಸಿಎಚ್, ಯುಎಲ್, ಯುವೈ ಎಂದು ಶುರುವಾಗುವ ವಾಲ್ವುಗಳಿದ್ದರೆ ಅದು ಆ ಜಾತಿಯದೆಂದು ಅನುಮಾನಿಸಬೇಕು. ಇಲ್ಲಿ ಲೋಹದ ಚಾಸಿಸ್ಸು ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ. ಪ್ಲಗ್ಗು ತಿರುಗುಮುರುಗಾದರೆ ಚಾಸಿಸ್ಸಿನಲ್ಲಿ ಫೇಸು. ನಾಬು ಕಳಚಿದ ಕಬ್ಬಿಣದ ಕಡ್ಡಿ ಮುಟ್ಟಿದರೂ ಸಾಕು, ಜೀವಕ್ಕೆ ಅಪಾಯ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇಂಥದ್ದಕ್ಕೆ ಕೈಹಾಕಲೇಬಾರದು.

ಟ್ರಾನ್ಸಿಸ್ಟರ್ ಸೆಟ್ಟುಗಳ ರೋಗ ಬೇರೆ. 1960ರ ದಶಕದ ಫಿಲಿಪ್ಸ್ ಮಾದರಿಯ ಸೆಟ್ಟುಗಳಲ್ಲಿ ಎಎಫ್ 117ರಂಥ ನಾಲ್ಕು ಕಾಲಿನ ಟ್ರಾನ್ಸಿಸ್ಟರು ಸಿಗುತ್ತದೆ. ಅದರ ಲೋಹದ ಟೋಪಿಯ ಒಳಗೆ ತವರದ ಕೂದಲೆಳೆಗಳು ತಾವಾಗಿ ಬೆಳೆದು ಒಳಗಿನ ಭಾಗಕ್ಕೆ ತಾಗುತ್ತವೆ. ರೇಡಿಯೋ ಮೂಕವಾಗುತ್ತದೆ. ಟೋಪಿಗೆ ಸೇರಿದ ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಎಷ್ಟೋ ಸಲ ಸೆಟ್ಟು ಅಲ್ಲೇ ಮಾತಾಡುತ್ತದೆ. ಬದಲಿ ಟ್ರಾನ್ಸಿಸ್ಟರಿಗಾಗಿ ಊರೂರು ಅಲೆಯುವ ಮುನ್ನ ಇದನ್ನು ನೋಡುವುದು ಒಳಿತು.

ಮುಂಗಾರಿನಲ್ಲಿ ಕರೆಂಟಿನ ಏರುಪೇರು ಇನ್ನೊಂದು ತೊಡಕು. ವೋಲ್ಟೇಜು ಬಿದ್ದರೆ ವಾಲ್ವಿನ ದನಿ ಸೊರಗುತ್ತದೆ. ಅಗ್ಗದ ಇನ್ವರ್ಟರಿನಲ್ಲಿ ಟರ್ನ್‌ಟೇಬಲ್ ನಡೆಸಿದರೆ ಮೋಟಾರು ಗುಂಯ್ ಎನ್ನುತ್ತದೆ. ತಟ್ಟೆಯ ವೇಗ ಅಳೆಯಲು ಅಂಚಿನಲ್ಲಿ ಗೆರೆಗಳಿರುವ ಕಾಗದದ ಚಕ್ರ ಬಳಸುತ್ತಾರೆ. 50 ಹರ್ಟ್ಸಿನ ಕರೆಂಟಿನಲ್ಲಿ ಉರಿಯುವ ನಿಯಾನ್ ದೀಪದ ಕೆಳಗೆ, 180 ಗೆರೆಗಳ ಸುತ್ತು ನಿಂತಂತೆ ಕಂಡರೆ ವೇಗ ಸರಿಯಾಗಿ 33⅓ ಎಂದರ್ಥ. ಜನರೇಟರಿನ ಕರೆಂಟಿನಲ್ಲಿ ಈ ಪರೀಕ್ಷೆ ನಂಬುವಂತಿಲ್ಲ.

ಪ್ಲೇಟು, ಕ್ಯಾಸೆಟ್ಟು

ಯಂತ್ರಕ್ಕಿಂತ ಪ್ಲೇಟು ಸಿಗುವುದು ಕಷ್ಟವಲ್ಲ, ಒಳ್ಳೆಯ ಪ್ಲೇಟು ಸಿಗುವುದು ಕಷ್ಟ. ಮಲೆನಾಡಿನಲ್ಲಿ ಸಿಗುವ ರೆಕಾರ್ಡುಗಳಲ್ಲಿ ಬಹಳಷ್ಟು ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಮೈಕ್ ಸೆಟ್ಟಿನವರ ದಾಸ್ತಾನು. ಮೊಂಡು ಮುಳ್ಳಿನಲ್ಲಿ ಸಾವಿರ ಸಲ ತಿರುಗಿ ಗೀರು ಸವೆದಿರುತ್ತವೆ. ರಾಜ್‌ಕುಮಾರ್ ಚಿತ್ರಗಳ ರೆಕಾರ್ಡು ಹೊಸದರಂತೆ ಸಿಕ್ಕಿತೆಂದರೆ, ಅದನ್ನು ಯಾರೂ ಕೇಳಿಲ್ಲ ಎಂಬ ಅನುಮಾನ ಬರಬೇಕು, ಹಾಗೆ ಕೇಳದೆ ಬಿಟ್ಟವರು ಈ ಸೀಮೆಯಲ್ಲಿ ಕಡಿಮೆ.

ತೊಳೆಯುವಾಗ ಅರಗು, ವಿನೈಲ್‌ಗಳ ವ್ಯತ್ಯಾಸ ಮರೆಯಬಾರದು. 78 ಸುತ್ತಿನ ಪ್ಲೇಟಿಗೆ ಸ್ಪಿರಿಟ್ ತಾಗಿದರೆ ಅರಗು ಕರಗಿ ಹಾಡೇ ಅಳಿಯುತ್ತದೆ. ಶುದ್ಧ ನೀರಿಗೆ ಒಂದು ತೊಟ್ಟು ಸೋಪು ಸಾಕು, ನಡುವಿನ ಕಾಗದದ ಲೇಬಲ್ಲು ನೆನೆಯದಂತೆ ನೋಡಿಕೊಂಡರೆ ಆಯಿತು. ಕೀಲಿ ಗ್ರಾಮಾಫೋನಿನ ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕೆಂಬುದು ಕಂಪನಿಯವರು ಮುಳ್ಳು ಮಾರಲು ಕಟ್ಟಿದ ಕತೆಯಲ್ಲ. ಮುಳ್ಳು ಸವೆದು ಉಳಿಯಂತಾದರೆ ಪ್ಲೇಟನ್ನು ಕೆತ್ತುತ್ತದೆ. ಆ ಪೆಟ್ಟಿಗೆಯ ಮೇಲೆ ಎಲ್‌ಪಿ ಇಡುವುದಂತೂ ಪಾಪದ ಕೆಲಸ.

ಕ್ಯಾಸೆಟ್ಟಿನ ಮಾತು ಬೇರೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಕನ್ನಡ ಭಾವಗೀತೆಗೆ ಮನೆಮನೆಯ ದಾರಿ ತೆರೆಯಿತು. ಘಟ್ಟದ ಈ ಅಂಚಿನಲ್ಲಿ ಅದಕ್ಕೆ ಸರಿಸಮನಾಗಿ ನಿಂತದ್ದು ತಾಳಮದ್ದಲೆಯ ಕ್ಯಾಸೆಟ್ಟುಗಳು. ಮನೆಯವರೇ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಂಡ ಆಟ, ಭಜನೆ, ಅಜ್ಜಿಯ ಹಾಡುಗಳು ಬೇರೆಲ್ಲೂ ಸಿಗದವು. ಬಿಳಿಯ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ನೇರ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೂ ಅಂಟುತ್ತದೆ, ಆಮೇಲೆ ಹಾಕಿದ ಕ್ಯಾಸೆಟ್ಟಿಗೂ ಹರಡುತ್ತದೆ. ಡಬ್ಬಿ ಬಿಚ್ಚಿ, ಟೇಪನ್ನು ಮೆತ್ತನೆಯ ಒಣ ಬಟ್ಟೆಯ ನಡುವೆ ನಿಧಾನಕ್ಕೆ ಹಾಯಿಸಿ, ಹೊಸ ಡಬ್ಬಿಗೆ ಹಾಕಿ, ಒಂದೇ ಸಲ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಹವ್ಯಾಸದಲ್ಲಿ ಮೊದಲು ಆಗಬೇಕಾದ ಕೆಲಸ ಇದು. ರೇಡಿಯೋ ಇನ್ನೂ ಹತ್ತು ವರ್ಷ ಕಾಯಬಹುದು, ಟೇಪು ಕಾಯುವುದಿಲ್ಲ.

ಹವ್ಯಾಸಿಗಳ ಬಳಗ

ಮಲೆನಾಡಿನಲ್ಲಿ ಇದು ಪರಿಚಯದ ಬಲದ ಮೇಲೆ ನಡೆಯುವ ಹವ್ಯಾಸ. ಕಾಫಿ ಬೆಳೆಗಾರರು, ನಿವೃತ್ತ ಮೇಷ್ಟ್ರುಗಳು, ಟಿವಿ, ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿದ ರೇಡಿಯೋ ಮೆಕ್ಯಾನಿಕ್ಕುಗಳು, ಬೆಂಗಳೂರಿನಿಂದ ರಜೆಗೆ ಬರುವ ಎಂಜಿನಿಯರ್ ಮಕ್ಕಳು. ಇವರಲ್ಲಿ ಅನಿವಾರ್ಯ ವ್ಯಕ್ತಿ ಮೆಕ್ಯಾನಿಕ್ಕೇ. 1969ರಲ್ಲಿ ಶುರುವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆಯ ನಕ್ಷೆ ನೋಡಿ, ಎಸ್‌ಎಲ್ 100, ಎಸ್‌ಕೆ 100 ಟ್ರಾನ್ಸಿಸ್ಟರು ಹಾಕಿ ಆಂಪ್ಲಿಫೈಯರು ಕಟ್ಟಿ ಕಲಿತ ಆ ಪೀಳಿಗೆಯ ಕೈಯಲ್ಲಿರುವ ವಿದ್ಯೆ ಪುಸ್ತಕಕ್ಕೆ ಇಳಿದದ್ದು ಕಡಿಮೆ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್‌ಪಿ ರೋಡು, ಹಳೆಯ ಯಂತ್ರಕ್ಕೆ ಅಲ್ಲಿಯದೇ ಸಂಡೇ ಬಜಾರು, ಹತ್ತಿರದಲ್ಲಿ ಗುಜರಿ ಅಂಗಡಿ. ಸ್ಪೀಕರಿನ ಅಯಸ್ಕಾಂತ, ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕಾಗಿ ಯಂತ್ರ ಒಡೆದುಹೋಗುವ ಮುನ್ನ ಗುಜರಿಯವರನ್ನು ತಲುಪುವುದರಲ್ಲೇ ಹವ್ಯಾಸಿಯ ಚಾಕಚಕ್ಯತೆ ಇದೆ.

ಹೊರಗಿನ ದೊಡ್ಡ ಬಳಗಗಳ ಪರಿಚಯವೂ ಉಪಯುಕ್ತ. ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವು ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯ ಮೂಲಕ ಹಳೆಯ ಪ್ಲೇಟುಗಳ ಚರಿತ್ರೆಯನ್ನು ದಾಖಲಿಸಿದೆ. ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ಗ್ರಾಮಾಫೋನುಗಳಿಗೇ ಮೀಸಲಾದ ಖಾಸಗಿ ಸಂಗ್ರಹಾಲಯವಿದೆ. ಬೆಂಗಳೂರಿನ ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಭಾರತೀಯ ಸಂಗೀತಕ್ಕೇ ಮೀಸಲಾದ ವಸ್ತುಸಂಗ್ರಹಾಲಯ.

ಬಳಗದೊಳಗಿನ ಹಳೆಯ ವಾದ ಒಂದಿದೆ. ಮೂಲ ಭಾಗಗಳನ್ನೇ ಉಳಿಸಬೇಕೆನ್ನುವವರು ಒಂದು ಕಡೆ, ಕೇಳುವಂತಾದರೆ ಸಾಕೆನ್ನುವವರು ಇನ್ನೊಂದು ಕಡೆ. ಒಳಗಿದ್ದುದನ್ನೆಲ್ಲ ಕಿತ್ತು ಬ್ಲೂಟೂತ್ ಸ್ಪೀಕರು ತುರುಕಿ, ಮರ್ಫಿಯ ಪೆಟ್ಟಿಗೆಯನ್ನು ಹೋಂಸ್ಟೇಯ ಅಲಂಕಾರಕ್ಕೆ ಮಾರುವವರನ್ನು ಇಬ್ಬರೂ ಒಪ್ಪುವುದಿಲ್ಲ. ಈ ತೇವದ ಸೀಮೆಯಲ್ಲಿ ಕೇಳುವಂತಾದರೆ ಸಾಕೆನ್ನುವವರ ಮಾತೇ ಸರಿ ಎನ್ನಬೇಕಾಗುತ್ತದೆ: ಕಾಗದದ ಕೆಪಾಸಿಟರನ್ನು ಪೂಜೆಗೆ ಉಳಿಸಿಕೊಂಡ ರೇಡಿಯೋ ಉರಿಸಲಾಗದು, ಉರಿಸದ ರೇಡಿಯೋ ಎರಡು ಮಳೆಗಾಲದಲ್ಲಿ ಮತ್ತೆ ಕೆಡುತ್ತದೆ.

ಕೇಳುವುದಕ್ಕೆ ಏನಿದೆ

ಹಳೆಯ ಡಯಲ್ಲಿನಲ್ಲಿ ಅಂಕಿಗಳು ಮೀಟರಿನಲ್ಲಿರುವುದರಿಂದ ಲೆಕ್ಕ ಮಾಡಿಕೊಳ್ಳಬೇಕು. ಮೂರು ಲಕ್ಷವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಮೀಟರು. ಭದ್ರಾವತಿಯ 675 ಕಿಲೋಹರ್ಟ್ಸ್ ಎಂದರೆ ಸುಮಾರು 444 ಮೀಟರು, ಬೆಂಗಳೂರಿನ 612 ಎಂದರೆ 490, ಧಾರವಾಡದ 765 ಎಂದರೆ 392, ಮಂಗಳೂರಿನ 1089 ಎಂದರೆ 275ರ ಹತ್ತಿರ. 1978ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಒಪ್ಪಂದದಂತೆ ಮೀಡಿಯಂ ವೇವ್ ಕೇಂದ್ರಗಳ ಜಾಗ ತುಸು ಸರಿದದ್ದರಿಂದ, ಡಯಲ್ಲಿನ ಗೆರೆಗೂ ಕೇಂದ್ರಕ್ಕೂ ಕೂದಲೆಳೆಯ ಅಂತರ ಬಂದರೆ ಅದು ರಿಪೇರಿಯವರ ತಪ್ಪಲ್ಲ. ಹಗಲಲ್ಲಿ ಬೆಟ್ಟ ಅಡ್ಡವಿರುವಲ್ಲಿ ಕೇಂದ್ರ ಮಂಕು, ರಾತ್ರಿ ದೂರದ ಊರುಗಳೆಲ್ಲ ನುಗ್ಗುತ್ತವೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳ ಕರಕರ ಸದ್ದು ಈಗಿನ ದೊಡ್ಡ ಪೀಡೆ. ಹಾಗಾಗಿ ಊರಿಗೆಲ್ಲ ಕರೆಂಟು ಹೋದಾಗ ಬ್ಯಾಟರಿ ಟ್ರಾನ್ಸಿಸ್ಟರು ಅತ್ಯಂತ ಶುಭ್ರವಾಗಿ ಕೇಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅಂಥ ಅವಕಾಶಕ್ಕೆ ಕೊರತೆಯಿಲ್ಲ. ಮೀಡಿಯಂ ವೇವ್‌ನಲ್ಲಿ ಡಿಜಿಟಲ್ ಪ್ರಸಾರ ಬಂದ ಕಡೆ ಹಳೆಯ ಸೆಟ್ಟಿಗೆ ಕೇಳುವುದು ಬರೀ ಭೋರೆಂಬ ಸದ್ದು.

ಅನೇಕ ವಾಲ್ವ್ ರೇಡಿಯೋಗಳ ಹಿಂಭಾಗದಲ್ಲಿ ಗ್ರಾಮಾಫೋನ್ ಪಿಕಪ್ಪಿಗೆಂದು ಇಟ್ಟ ಎರಡು ತೂತುಗಳಿರುತ್ತವೆ. ಅದಕ್ಕೆ ಮೊಬೈಲು ಜೋಡಿಸಿ ಕಾಳಿಂಗರಾಯರನ್ನೋ ತಾಳಮದ್ದಲೆಯನ್ನೋ ಅದೇ ಸ್ಪೀಕರಿನಲ್ಲಿ ಕೇಳಬಹುದು, ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ಬದಲಿಸಬೇಕಿಲ್ಲ. ನಡುವೆ ಒಂದು ಸಣ್ಣ ಐಸೋಲೇಷನ್ ಟ್ರಾನ್ಸ್‌ಫಾರ್ಮರು ಹಾಕುವುದು ವಾಡಿಕೆ. ಟ್ರಾನ್ಸ್‌ಫಾರ್ಮರಿಲ್ಲದ ಜಾತಿಯ ಸೆಟ್ಟಿನಲ್ಲಿ ಆ ತೂತುಗಳಲ್ಲೂ ಮನೆಯ ಕರೆಂಟು ಇರಬಹುದಾದ್ದರಿಂದ, ಅದಕ್ಕೆ ಮೊಬೈಲು ಜೋಡಿಸುವ ಯೋಚನೆಯನ್ನೇ ಬಿಡಬೇಕು.